ಹಳೇ ಕಾಲದ ಕರೆಂಟ್ ಚಿಕಿತ್ಸೆಯ ಪೆಟ್ಟಿಗೆಗಳು: ಯಾವುದನ್ನು ಮನೆಗೆ ತರಬಹುದು?

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹಳೇ ಸಾಮಾನಿನ ಸಂತೆ ಸುತ್ತುವ ಕನ್ನಡಿಗರ ಕಣ್ಣಿಗೆ ಇವು ಒಂದಲ್ಲ ಒಂದು ದಿನ ಬೀಳುತ್ತವೆ. ಒಂದು ಮರದ ಪೆಟ್ಟಿಗೆಯಲ್ಲಿ ಕುದುರೆ ಲಾಳದ ಆಕಾರದ ಮ್ಯಾಗ್ನೆಟ್, ತಂತಿ ಸುರುಳಿ, ಎರಡು ಹಿತ್ತಾಳೆ ಹಿಡಿ. ಪಕ್ಕದ ಮೇಜಿನ ಮೇಲಿನ ಇನ್ನೊಂದರಲ್ಲಿ ಮಖಮಲ್ಲಿನ ಗೂಡುಗಳಲ್ಲಿ ಮಲಗಿಸಿಟ್ಟ ಗಾಜಿನ ಕೊಳವೆಗಳು. ಕರೆಂಟ್ ಕೊಟ್ಟು ಕಾಯಿಲೆ ವಾಸಿ ಮಾಡುವ ಯಂತ್ರಗಳಂತೆ. ಎರಡರ ಬೆಲೆಯೂ ಕೈಗೆಟಕುವಂತಿದೆ. ಯಾವುದನ್ನು ತಗೊಳ್ಳೋದು? ಊರಿನಿಂದ ಕೇಳುವವರ ಪ್ರಶ್ನೆ ಸ್ವಲ್ಪ ಬೇರೆ. ವಿಜ್ಞಾನದ ಮೇಷ್ಟ್ರಿಗೆ ಪಾಠಕ್ಕೆ ಏನಾದರೂ ಬೇಕು. ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಕ್ಲಿನಿಕ್ಕಿನ ಶೋಕೇಸಿನಲ್ಲಿ ಇಡಲು ತಮ್ಮ ಕಸುಬಿನ ಹಳೇ ಗುರುತು ಬೇಕು. ಇನ್ನು ಕೆಲವರಿಗೆ ಸುಮ್ನೆ ಹಳೇ ಯಂತ್ರ ಅಂದರೆ ಇಷ್ಟ.

ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಯಾವುದನ್ನೂ ಮೈಗೆ ಹಚ್ಚಿಕೊಳ್ಳಲು ಕೊಳ್ಳಬೇಡಿ. ಮಂಡಿನೋವಿಗೆ ಕರೆಂಟ್ ಬೇಕಿದ್ದರೆ ಚರ್ಮದ ಮೇಲೆ ಸಣ್ಣಗೆ ಕರೆಂಟ್ ಕೊಟ್ಟು ನೋವು ತಗ್ಗಿಸುವ ಇವತ್ತಿನ ಟೆನ್ಸ್ ಯಂತ್ರ ಇದೆ, ಅದನ್ನು ಇಡಲು ಗೊತ್ತಿರುವವರೂ ಇದ್ದಾರೆ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಇದ್ದರಂತೂ ಇಲ್ಲಿನ ಯಾವ ಯಂತ್ರವನ್ನೂ ಅವರ ಹತ್ತಿರ ಚಾಲೂ ಮಾಡಬೇಡಿ.

ಆರಿಸುವ ಮುಂಚೆ ನೋಡಬೇಕಾದ್ದು

ಹೆಚ್ಚಿನವರು ಚೆಂದ ನೋಡಿ ಆರಿಸುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಕರೆಂಟ್ ಎಲ್ಲಿಂದ ಬರುತ್ತದೆ ಎಂಬುದನ್ನು. ಕೈಯಿಂದಲೇ? ಪೆಟ್ಟಿಗೆಯೊಳಗಿನ ಆಸಿಡ್ಡು, ಲೋಹದಿಂದಲೇ? ಗೋಡೆಯ ಪ್ಲಗ್ಗಿನಿಂದಲೇ? ಇದೊಂದು ಗೊತ್ತಾದರೆ ಉಳಿದದ್ದು ಅರ್ಧ ಗೊತ್ತಾದ ಹಾಗೆ. ಕೈಯಿಂದ ನಡೆಯುವುದು ನೂರೈವತ್ತು ವರ್ಷ ಕಳೆದರೂ ನಡೆಯುತ್ತದೆ. ಆಸಿಡ್ಡಿನದು ತನ್ನನ್ನು ತಾನೇ ತಿಂದುಕೊಂಡಿರುತ್ತದೆ. ಪ್ಲಗ್ಗಿನದು ನೋಡಲು ಗಟ್ಟಿಮುಟ್ಟಾಗಿದ್ದರೂ ಒಳಗಿನ ರಬ್ಬರು, ಬಟ್ಟೆ ಸುತ್ತಿದ ತಂತಿ ಪುಡಿಪುಡಿಯಾಗಿರುತ್ತದೆ. ಇವುಗಳಲ್ಲಿ ಜೀವಕ್ಕೆ ಅಪಾಯ ತರುವುದರಲ್ಲಿ ಈ ಮೂರನೆಯದೇ ಮುಂದು.

ಎರಡನೆಯದು, ನಿಮಗೆ ಅದು ನಡೆಯಬೇಕೋ, ಕಂಡರೆ ಸಾಕೋ? ನಡೆಸಿ ತೋರಿಸುವ ಆಸೆ ಇದ್ದರೆ ಆಯ್ಕೆ ತುಂಬ ಕಿರಿದಾಗುತ್ತದೆ.

ಮೂರನೆಯದು, ಜೊತೆಗೆ ಏನೇನಿದೆ. ಹಿಡಿಗಳು, ಸ್ಪಂಜು ಕೂರಿಸುವ ಬಟ್ಟಲುಗಳು, ಗಾಜಿನ ಕೊಳವೆಗಳು, ಮುಚ್ಚಳದ ಒಳಗೆ ಅಂಟಿಸಿದ ಲೇಬಲ್, ಬಳಸುವ ವಿಧಾನದ ಪುಸ್ತಿಕೆ. ಇವಿಲ್ಲದ ಪೆಟ್ಟಿಗೆ ಅರ್ಧ ಬೆಲೆಗೆ ಸಿಕ್ಕರೂ ದುಬಾರಿಯೇ. ಯಾಕೆಂದರೆ ಬಿಡಿಭಾಗ ಹುಡುಕುವುದು ಪೆಟ್ಟಿಗೆ ಹುಡುಕುವುದಕ್ಕಿಂತ ಕಷ್ಟ.

ನಾಲ್ಕನೆಯದನ್ನು ನಮ್ಮವರು ಮರೆಯುವುದೇ ಜಾಸ್ತಿ: ಹವೆ. ಮಂಗಳೂರಿನ ಆಷಾಢದಲ್ಲಿ ಇಡುತ್ತೀರೋ, ರಾಯಚೂರಿನ ಬಿಸಿಲಲ್ಲೋ, ಟೆಕ್ಸಾಸಿನ ಏಸಿ ಮನೆಯಲ್ಲೋ? ಒಂದೇ ಯಂತ್ರ ಮೂರೂ ಕಡೆ ಒಂದೇ ಥರ ಬಾಳುವುದಿಲ್ಲ. ಬೆಲೆಯ ಮಾತನ್ನು ಆಯಾ ಯಂತ್ರದ ಜೊತೆಯಲ್ಲೇ ಹೇಳುತ್ತೇನೆ.

ಕೈಯಿಂದ ತಿರುಗಿಸುವ ಮ್ಯಾಗ್ನೆಟೋ

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಮೈಕೆಲ್ ಫ್ಯಾರಡೆ 1831ರಲ್ಲಿ ಒಂದು ವಿಷಯ ತೋರಿಸಿದ. ಮ್ಯಾಗ್ನೆಟ್ಟಿಗೂ ಸುರುಳಿಗೂ ನಡುವೆ ಚಲನೆ ಇದ್ದರೆ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ. ಮರುವರ್ಷವೇ ಪ್ಯಾರಿಸ್ಸಿನ ಪಿಕ್ಸಿ ಎಂಬ ಉಪಕರಣ ತಯಾರಕ ಕೈಯಿಂದ ತಿರುಗಿಸುವ ಯಂತ್ರ ಮಾಡಿದ. ಅದು ವೈದ್ಯರ ಕೈಗೆ, ಅಲ್ಲಿಂದ ಮನೆಮನೆಗೆ ಬಂತು. ಅಮೆರಿಕದಲ್ಲಿ 1854ರಲ್ಲಿ ಪೇಟೆಂಟ್ ಪಡೆದ ಡೇವಿಸ್ ಅಂಡ್ ಕಿಡ್ಡರ್ ಪೆಟ್ಟಿಗೆ ಈ ಜಾತಿಯಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ‘ನರಗಳ ಕಾಯಿಲೆಗೆ’ ಎಂದು ಮುಚ್ಚಳದ ಒಳಗಿನ ಲೇಬಲ್ಲಿನಲ್ಲೇ ಅಚ್ಚಾಗಿರುತ್ತದೆ.

ಕೆಲಸ ಸರಳ. ರೋಗಿ ಎರಡು ಹಿತ್ತಾಳೆ ಹಿಡಿಗಳನ್ನು ಹಿಡಿದು ಕೂರಬೇಕು. ಇನ್ನೊಬ್ಬರು ಹ್ಯಾಂಡಲ್ ತಿರುಗಿಸಬೇಕು. ಒಳಗಿನ ಜೋಡಿ ಸುರುಳಿ ಮ್ಯಾಗ್ನೆಟ್ಟಿನ ತುದಿಗಳ ಮುಂದೆ ಗಿರಗಿರ ಸುತ್ತುತ್ತದೆ. ಜೋರಾಗಿ ತಿರುಗಿಸಿದಷ್ಟೂ ಏಟು ಜೋರು. ಒಂದು ಕಬ್ಬಿಣದ ತುಂಡನ್ನು ಮ್ಯಾಗ್ನೆಟ್ಟಿನ ಹತ್ತಿರ ತಂದು, ದೂರ ಸರಿಸಿ ಶಾಕನ್ನು ಹೆಚ್ಚುಕಮ್ಮಿ ಮಾಡುವ ತಿರುಪೂ ಇರುತ್ತದೆ. ಆಸಿಡ್ ಬೇಡ, ಡಾಕ್ಟರ್ ಬೇಡ, ಖರ್ಚಾಗುವ ವಸ್ತುವೇ ಇಲ್ಲ. ಹಳ್ಳಿಯ ಮನೆಯವರೂ ಕೊಳ್ಳಬಹುದಾದ ಸಾಮಾನು. ಹಾಗಾಗಿಯೇ ಲೆಕ್ಕವಿಲ್ಲದಷ್ಟು ಮಾರಾಟವಾದವು, ಇವತ್ತಿಗೂ ಬೇಕಾದಷ್ಟು ಉಳಿದಿವೆ. ಅಮೆರಿಕದ ಸಂತೆಗಳಲ್ಲಿ ನೂರರಿಂದ ಮುನ್ನೂರು ಡಾಲರಿನೊಳಗೆ ಒಳ್ಳೆಯದೇ ಸಿಗುತ್ತದೆ. ಅಪರೂಪದ ವಸ್ತು ಎಂದು ಯಾರಾದರೂ ಸಾವಿರ ಹೇಳಿದರೆ ನಕ್ಕು ಮುಂದೆ ಹೋಗಿ.

ಇದರಲ್ಲಿ ಕೆಡುವುದು ಏನು? ಸುತ್ತುವ ಅಚ್ಚಿಗೆ ತಾಗಿಕೊಂಡಿರುವ ಸ್ಪ್ರಿಂಗ್ ಪಟ್ಟಿ ಕಿಲುಬು ಹಿಡಿದಿರುತ್ತದೆ. ಅದನ್ನು ಮೆಲ್ಲಗೆ ಉಜ್ಜಿದರೆ ಸಾಕು. ಚಕ್ರದಿಂದ ಸುರುಳಿಗೆ ಹೋಗುವ ಹುರಿ ಇರುವ ಮಾದರಿಯಾದರೆ ಹುರಿ ಹರಿದಿರುತ್ತದೆ, ಹೊಸದು ಹಾಕಬಹುದು. ಮ್ಯಾಗ್ನೆಟ್ ಸ್ವಲ್ಪ ಸೊರಗಿರಬಹುದು. ಇಷ್ಟೆಲ್ಲ ಸರಿಮಾಡಬಹುದಾದ ಯಂತ್ರ ಈ ಗುಂಪಿನಲ್ಲಿ ಇನ್ನೊಂದಿಲ್ಲ. ಒಂದೇ ಕೋರಿಕೆ: ಹಿತ್ತಾಳೆಯನ್ನು ದೇವರ ದೀಪದ ಹಾಗೆ ಫಳಫಳ ಬೆಳಗಬೇಡಿ. ಹಳೇ ಬಣ್ಣ ಹೋದರೆ ಬೆಲೆಯೂ ಹೋಗುತ್ತದೆ, ನೋಡಲೂ ನಿನ್ನೆ ಮಾಡಿದ್ದರಂತೆ ಕಾಣುತ್ತದೆ.

ಶಾಲೆಯಲ್ಲಿ ತೋರಿಸುವವರಿಗೆ ಒಂದು ಆಸೆ ಬಂದೇ ಬರುತ್ತದೆ. ಮಕ್ಕಳನ್ನು ಕೈ ಕೈ ಹಿಡಿಸಿ ನಿಲ್ಲಿಸಿ ಎಲ್ಲರಿಗೂ ಜುಮ್ ಅನ್ನಿಸೋಣ ಎಂದು. ಬೇಡ. ಯಾರ ಹೃದಯ ಹೇಗಿದೆಯೋ ನಿಮಗೆ ಗೊತ್ತಿರುವುದಿಲ್ಲ. ಎರಡು ಹಿಡಿಗಳ ನಡುವೆ ಟೆಸ್ಟರಿನ ಒಳಗಿರುವಂಥ ಪುಟ್ಟ ನಿಯಾನ್ ಬಲ್ಬ್ ಕಟ್ಟಿ ತಿರುಗಿಸಿ. ಅದು ಮಿಣಮಿಣ ಹೊತ್ತಿಕೊಂಡರೆ ಮಕ್ಕಳಿಗೆ ವಿಷಯ ಅರ್ಥವಾಗುತ್ತದೆ.

ಮೋಸದ ಬಗ್ಗೆ ಎರಡು ಮಾತು. ಹಳೇ ಟೆಲಿಫೋನಿನ ಕೈತಿರುಗಿನ ಮ್ಯಾಗ್ನೆಟೋವನ್ನು ಬಿಚ್ಚಿ ಒಂದು ಪೆಟ್ಟಿಗೆಯಲ್ಲಿಟ್ಟು ‘ವೈದ್ಯಕೀಯ ಯಂತ್ರ’ ಎಂದು ಮಾರುವುದುಂಟು. ನಮ್ಮ ದೇಶದ ಗುಜರಿಗಳಲ್ಲಾದರೆ ಮರದ ಪೆಟ್ಟಿಗೆಯ ಹಳೇ ಮೆಗ್ಗರ್ ಕಾಣಿಸಬಹುದು. ತಂತಿಯ ಇನ್ಸುಲೇಶನ್ ಪರೀಕ್ಷಿಸಲು ಎಲೆಕ್ಟ್ರಿಷಿಯನ್ನರು ತಿರುಗಿಸುತ್ತಿದ್ದ ಸಾಧನ ಅದು. ಮುಳ್ಳಿರುವ ಮೀಟರ್ ಇದ್ದು, ಓಮ್ ಲೆಕ್ಕದ ಅಂಕಿ ಬರೆದಿದ್ದರೆ ಅದು ಮೆಗ್ಗರೇ. ಚೆಂದದ ವಸ್ತು, ಬೇಕಿದ್ದರೆ ಕೊಳ್ಳಿ. ಆದರೆ ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ.

ಇಂಡಕ್ಷನ್ ಕಾಯಿಲ್: ವೈದ್ಯರ ಆಯ್ಕೆ

ಮ್ಯಾಗ್ನೆಟೋ ಮನೆಯ ಸಾಮಾನಾದರೆ ಇದು ಆಸ್ಪತ್ರೆಯದು. ದಪ್ಪ ತಂತಿಯ ಕೆಲವೇ ಸುತ್ತು, ಅದರ ಮೇಲೆ ಕೂದಲಿನಂಥ ತಂತಿಯ ಸಾವಿರಾರು ಸುತ್ತು. ಒಂದು ಪುಟ್ಟ ಸುತ್ತಿಗೆ ಕರೆಂಟನ್ನು ಟರ್ರ್ ಎಂದು ಕೂಡಿಸುತ್ತಾ ಕಡಿಯುತ್ತಾ ಇರುತ್ತದೆ. ಒಂದೂವರೆ ವೋಲ್ಟಿನ ಸೆಲ್ ಒಳಗೆ ಹೋಗಿ ನೂರಾರು ವೋಲ್ಟಿನ ಏಟಾಗಿ ಹೊರಬರುತ್ತದೆ. ಫ್ಯಾರಡೆಯ ಹೆಸರಿನಿಂದ ಇದಕ್ಕೆ ‘ಫ್ಯಾರಡಿಕ್’ ಕರೆಂಟ್ ಎನ್ನುತ್ತಾರೆ. ಬ್ಯಾಟರಿಯಿಂದ ನೇರವಾಗಿ ಬರುವುದು ‘ಗ್ಯಾಲ್ವನಿಕ್’. ಈ ಎರಡು ಹೆಸರು ಇವತ್ತಿಗೂ ನಮ್ಮ ಫಿಸಿಯೋಥೆರಪಿ ವಿಭಾಗಗಳ ಸ್ಟಿಮ್ಯುಲೇಟರುಗಳ ಮೇಲೆ ಬರೆದಿರುತ್ತವೆ.

ಈ ಯಂತ್ರವನ್ನು ನಾನು ಗೌರವದಿಂದ ನೋಡುವುದಕ್ಕೆ ಕಾರಣವಿದೆ. ಉಳಿದವುಗಳಲ್ಲಿ ಬಹುಪಾಲು ಬರೀ ಭರವಸೆ ಮಾರಿದವು. ಇದು ನಿಜವಾಗಿ ಏನನ್ನೋ ಕಂಡುಹಿಡಿಯಲು ಸಹಾಯ ಮಾಡಿತು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ 1836ರಲ್ಲೇ ಕರೆಂಟ್ ಚಿಕಿತ್ಸೆಗೆ ಬೇರೆ ಕೋಣೆ ಇತ್ತು. ಗೋಲ್ಡಿಂಗ್ ಬರ್ಡ್ ಎಂಬ ವೈದ್ಯ ಅದನ್ನು ನೋಡಿಕೊಳ್ಳುತ್ತಿದ್ದ. ಪ್ಯಾರಿಸ್ಸಿನಲ್ಲಿ ಡುಶೆನ್ ಎಂಬ ವೈದ್ಯ ಒದ್ದೆ ಮಾಡಿದ ಎರಡು ತುದಿಗಳನ್ನು ಚರ್ಮದ ಮೇಲಿಟ್ಟು, ಒಂದೊಂದೇ ಸ್ನಾಯುವನ್ನು ಬೇರೆಬೇರೆಯಾಗಿ ಕುಣಿಸಿದ. ತನ್ನ ವಿಧಾನದ ಬಗ್ಗೆ 1855ರಲ್ಲಿ ಪುಸ್ತಕ ಬರೆದ. ಮುಖದ ಯಾವ ಸ್ನಾಯು ಎಳೆದರೆ ನಗು, ಯಾವುದು ಎಳೆದರೆ ಅಳು ಎಂದು ಫೋಟೋ ತೆಗೆಸಿ 1862ರಲ್ಲಿ ಪ್ರಕಟಿಸಿದ. ಆ ಫೋಟೋಗಳಲ್ಲಿ ಕೆಲವನ್ನು ಆಮೇಲೆ ಡಾರ್ವಿನ್ ಕೂಡ ಬಳಸಿಕೊಂಡ. ಜರ್ಮನಿಯ ಎರ್ಬ್ ಎಂಬ ವೈದ್ಯ ಇನ್ನೊಂದು ಹೆಜ್ಜೆ ಮುಂದೆ ಹೋದ. ನರ ಸತ್ತ ಸ್ನಾಯು ಫ್ಯಾರಡಿಕ್ ಕರೆಂಟಿಗೆ ಅಲುಗುವುದಿಲ್ಲ, ಗ್ಯಾಲ್ವನಿಕ್ಕಿಗೆ ನಿಧಾನವಾಗಿ ಅಲುಗುತ್ತದೆ ಎಂದು ತೋರಿಸಿದ. ಅಂದರೆ ಮುಖ ಸೊಟ್ಟಗಾದ ರೋಗಿಯಲ್ಲಿ ನರ ಎಷ್ಟು ಕೆಟ್ಟಿದೆ ಎಂದು ಹೇಳುವ ಪರೀಕ್ಷೆ ಸಿಕ್ಕಿತು.

ಕೊಳ್ಳುವವರು ಇಲ್ಲಿ ಎರಡು ಬಗೆಯನ್ನು ಗುರುತಿಸಬೇಕು. ಒಂದು, ಹೊರಗಿನ ಸುರುಳಿ ಹಳಿಯ ಮೇಲೆ ಹಿಂದೆಮುಂದೆ ಜಾರುವ ಮಾದರಿ. ಬರ್ಲಿನ್ನಿನ ಡು ಬ್ವಾ ರೇಮಂಡ್ ಎಂಬ ವಿಜ್ಞಾನಿ ರೂಪಿಸಿದ್ದು. ಸುರುಳಿ ದೂರ ಸರಿದಷ್ಟೂ ಶಾಕ್ ಕಡಿಮೆ, ಪಕ್ಕದಲ್ಲಿ ಅಳತೆಯ ಪಟ್ಟಿಯೂ ಇರುತ್ತದೆ. ಕೆಲಸ ಮಾಡುವ ಬಗೆ ಕಣ್ಣಿಗೆ ಕಾಣುವುದರಿಂದ ಪಾಠಕ್ಕೂ ಶೋಕೇಸಿಗೂ ಒಳ್ಳೆಯದು. ಬೆಲೆ ಜಾಸ್ತಿ. ಇನ್ನೊಂದು, ವೈದ್ಯರು ಬ್ಯಾಗಿನಲ್ಲಿ ಒಯ್ಯುತ್ತಿದ್ದ ಚಿಕ್ಕ ಪೆಟ್ಟಿಗೆ. ಬ್ಯಾಟರಿ ಅದರೊಳಗೇ ಇರುತ್ತದೆ. ಅಗ್ಗ, ಮುದ್ದಾಗಿಯೂ ಇರುತ್ತದೆ.

ತೊಂದರೆ ಇರುವುದು ಆ ಬ್ಯಾಟರಿಯಲ್ಲೇ. ಹಳೆಯವುಗಳಲ್ಲಿ ಡೈಕ್ರೋಮೇಟ್ ದ್ರಾವಣ ತುಂಬುತ್ತಿದ್ದರು. ಪೆಟ್ಟಿಗೆಯ ತಳದಲ್ಲಿ ಕಿತ್ತಳೆ ಬಣ್ಣದ ಕಲೆ, ಹರಳು ಕಂಡರೆ ಬರಿಗೈಲಿ ಮುಟ್ಟಬೇಡಿ, ಊದಬೇಡಿ. ಕ್ಯಾನ್ಸರ್ ತರುವ ವಸ್ತು ಅದು. ಪ್ಯಾರಿಸ್ಸಿನ ಗೈಫ್ ಕಂಪನಿಯ ಜೇಬಿನ ಗಾತ್ರದ ಪೆಟ್ಟಿಗೆಗಳು ಸಂಗ್ರಹಕಾರರಿಗೆ ಬಹಳ ಪ್ರೀತಿ. ಅವುಗಳ ಸೆಲ್ಲಿಗೆ ಹಾಕುತ್ತಿದ್ದದ್ದು ಪಾದರಸದ ಲವಣ. ಮಕ್ಕಳಿರುವ ಮನೆಗೆ ಇವನ್ನು ತರುವ ಮುಂಚೆ ಎರಡು ಸಲ ಯೋಚಿಸಿ. ಒಣ ಸೆಲ್ ಹಾಕುವ ಮಾದರಿ, ಅಂದರೆ 1900ರ ನಂತರದ್ದು ಸಿಕ್ಕರೆ ಈ ತಲೆನೋವು ಇಲ್ಲ.

ಬರೀ ಗ್ಯಾಲ್ವನಿಕ್ ಬ್ಯಾಟರಿ ಪೆಟ್ಟಿಗೆಗಳೂ ಇವೆ. ಸಾಲುಸಾಲು ಸೆಲ್ಲುಗಳು, ಮೇಲೆ ತಿರುಗಿಸುವ ಗುಂಡಿ. ಭಾರ ಜಾಸ್ತಿ, ಸೋರಿಕೆ ಜಾಸ್ತಿ, ನಡೆಯುವುದು ಅಪರೂಪ. ಆಸ್ಪತ್ರೆಯ ಮ್ಯೂಸಿಯಮ್ಮಿಗೆ ಸರಿ, ಮನೆಗೆ ಬೇಡ.

ಉಜ್ಜಿ ಹುಟ್ಟಿಸುವ ಕರೆಂಟ್

ಎಲ್ಲಕ್ಕಿಂತ ಹಳೆಯದು ಇದು. ಗಾಜಿನ ಉರುಳೆಯನ್ನು ತಿರುಗಿಸುತ್ತಾ ಚರ್ಮದ ದಿಂಬಿಗೆ ಉಜ್ಜಿಸುವುದು, ಹುಟ್ಟಿದ ಸ್ಥಿರ ವಿದ್ಯುತ್ತನ್ನು ಲೈಡನ್ ಜಾಡಿಯಲ್ಲಿ ಕೂಡಿಡುವುದು. ಈ ಜಾಡಿ ಹುಟ್ಟಿದ್ದು 1745–46ರಲ್ಲಿ. ಕೂಡಲೇ ಯುರೋಪಿಗೆ ಹುಚ್ಚು ಹಿಡಿಯಿತು. ಫ್ರಾನ್ಸಿನ ನೊಲೆ ಎಂಬ ಪಾದ್ರಿ ರಾಜನ ಮುಂದೆ 180 ಕಾವಲುಗಾರರನ್ನು ಕೈ ಕೈ ಹಿಡಿಸಿ ನಿಲ್ಲಿಸಿ ಒಟ್ಟಿಗೇ ನೆಗೆಯುವಂತೆ ಮಾಡಿದ. ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1756ರಿಂದ ಲಂಡನ್ನಿನ ಬಡವರಿಗೆ ಪುಕ್ಕಟೆಯಾಗಿ ಈ ಚಿಕಿತ್ಸೆ ಕೊಡಿಸಿದ. ಎಡ್ವರ್ಡ್ ನೇರ್ನ್ 1782ರಲ್ಲಿ ವೈದ್ಯಕೀಯಕ್ಕೆಂದೇ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದ. ಈ ಗದ್ದಲದ ನಡುವೆ ಬೆಂಜಮಿನ್ ಫ್ರಾಂಕ್ಲಿನ್ ಪಾರ್ಶ್ವವಾಯು ರೋಗಿಗಳಿಗೆ ಶಾಕ್ ಕೊಟ್ಟು ನೋಡಿದ. ಶುರುವಿನಲ್ಲಿ ಸ್ವಲ್ಪ ಚೇತರಿಕೆ ಕಂಡರೂ ನಿಲ್ಲುವಂಥ ಉಪಯೋಗ ಕಾಣಲಿಲ್ಲ ಎಂದು 1757ರಲ್ಲೇ ಬರೆದಿಟ್ಟ. ಆ ಪ್ರಾಮಾಣಿಕತೆ ನಂತರದ ನೂರೈವತ್ತು ವರ್ಷ ಯಂತ್ರ ಮಾರಿದವರಲ್ಲಿ ಕಾಣಿಸಲಿಲ್ಲ.

ನೇರ್ನ್ ಯಂತ್ರದ ಅಸಲಿ ಬೇಕೆಂದರೆ ಹರಾಜಿಗೆ ಹೋಗಬೇಕು, ಸಾವಿರಾರು ಡಾಲರ್ ಸುರಿಯಬೇಕು. ಗಾಜು ಒಡೆಯದಂತೆ ಸಾಗಿಸುವ ಖರ್ಚು ಬೇರೆ. ನನ್ನ ಸಲಹೆ ಬೇಡ ಎಂದೇ.

ಅದಕ್ಕಿಂತ ಈಚಿನದು ವಿಮ್ಸ್‌ಹರ್ಸ್ಟ್ ಯಂತ್ರ, 1880ರ ದಶಕದ್ದು. ಎರಡು ತಟ್ಟೆ ಒಂದಕ್ಕೊಂದು ಎದುರಾಗಿ ತಿರುಗುತ್ತವೆ, ಚಟ್ ಎಂದು ಕಿಡಿ ಹಾರುತ್ತದೆ. ಅಮೆರಿಕದ ವೈದ್ಯರು ಇದರ ಮತ್ತು ಇದರ ಅಣ್ಣತಮ್ಮಂದಿರ ಬೀರುವಿನಷ್ಟು ದೊಡ್ಡ ರೂಪಗಳನ್ನು ಕ್ಲಿನಿಕ್ಕಿನಲ್ಲಿ ಇಟ್ಟುಕೊಂಡಿದ್ದರು. ರೋಗಿಯನ್ನು ಗಾಜಿನ ಕಾಲಿನ ಮಣೆಯ ಮೇಲೆ ಕೂರಿಸಿ ಕೂದಲು ನಿಮಿರುವಂತೆ ಮಾಡುತ್ತಿದ್ದರು. ನಮ್ಮ ಮೇಷ್ಟ್ರುಗಳಿಗೆ ಇಲ್ಲಿ ಒಂದು ಒಳ್ಳೇ ಸುದ್ದಿ ಇದೆ. ಹರಿಯಾಣದ ಅಂಬಾಲದ ಲ್ಯಾಬ್ ಸಾಮಾನಿನ ತಯಾರಕರು ಇವತ್ತಿಗೂ ಕಾಲೇಜುಗಳಿಗೆ ಹೊಸ ವಿಮ್ಸ್‌ಹರ್ಸ್ಟ್ ಯಂತ್ರ ಮಾಡಿ ಮಾರುತ್ತಾರೆ. ಹಳೆಯದರ ಬೆಲೆಯ ಒಂದು ಪಾಲಿಗೆ ಹೊಸದು ಬರುತ್ತದೆ, ಒಡೆದರೆ ಇನ್ನೊಂದು ತರಿಸಬಹುದು. ಪಾಠಕ್ಕೆ ಬೇಕಿರುವುದು ಕಿಡಿ ತಾನೇ, ಹಳೇತನ ಅಲ್ವಲ್ಲ.

ಆದರೆ ಹವೆ. ಗಾಳಿಯಲ್ಲಿ ತೇವ ಇದ್ದರೆ ಸ್ಥಿರ ವಿದ್ಯುತ್ ನಿಲ್ಲುವುದೇ ಇಲ್ಲ, ಸೋರಿಹೋಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎಷ್ಟು ತಿರುಗಿಸಿದರೂ ಕೈನೋವೇ ಲಾಭ. ಹೇರ್ ಡ್ರೈಯರ್ ಹಿಡಿದೋ, ಹಳೇ ಕಾಲದ ಬಿಸಿ ಬಲ್ಬನ್ನು ಹತ್ತಿರ ಇಟ್ಟೋ ತಟ್ಟೆಗಳನ್ನು ಒಣಗಿಸಿಕೊಂಡರೆ ಸ್ವಲ್ಪ ಹೊತ್ತು ನಡೆಯುತ್ತದೆ. ಬಳ್ಳಾರಿ, ಕಲಬುರಗಿ ಕಡೆಯವರಿಗೆ ಬೇಸಿಗೆಯಲ್ಲಿ ಈ ಗೋಳಿಲ್ಲ. ಜಾಡಿ ದೊಡ್ಡದಾದಷ್ಟೂ ಅಪಾಯವೂ ದೊಡ್ಡದು ಎಂಬುದು ನೆನಪಿರಲಿ. ಯಂತ್ರ ನಿಲ್ಲಿಸಿದ ಮೇಲೂ ಜಾಡಿಯಲ್ಲಿ ಕರೆಂಟ್ ಕೂತಿರುತ್ತದೆ. ಇನ್ಸುಲೇಟೆಡ್ ಹಿಡಿ ಇರುವ ಕಂಬಿಯಿಂದ ಎರಡು ತುದಿ ಕೂಡಿಸಿ ಖಾಲಿ ಮಾಡದೆ ಮುಟ್ಟಬೇಡಿ.

ಬೆಲ್ಟು, ಸರಪಳಿ, ಬಾಚಣಿಗೆ ಬ್ರಷ್ಷು

ಕತೆ ಹೇಳುವವರಿಗೆ, ಬರೆಯುವವರಿಗೆ ಇಲ್ಲಿ ಹಬ್ಬ. ಯಂತ್ರಪ್ರಿಯರಿಗೆ ಏನೂ ಇಲ್ಲ.

ಪುಲ್ವರ್ಮಾಕರ್ ಎಂಬವನು ಸಣ್ಣ ಮರದ ಕಡ್ಡಿಗಳಿಗೆ ಸತು, ತಾಮ್ರದ ತಂತಿ ಸುತ್ತಿ, ಒಂದಕ್ಕೊಂದು ಕೊಂಡಿ ಹಾಕಿ ಸರಪಳಿ ಮಾಡಿದ. ವಿನೆಗರ್‌ನಲ್ಲಿ ಅದ್ದಿ ಮೈಗೆ ಸುತ್ತಿಕೊಂಡರೆ ಸಣ್ಣಗೆ ಕರೆಂಟ್ ಬರುತ್ತಿತ್ತು, ಅದು ಸುಳ್ಳಲ್ಲ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲೂ ಅದು ಇತ್ತು. ಕಾಲುನೋವಿನಿಂದ ಬಳಲುತ್ತಿದ್ದ ಚಾರ್ಲ್ಸ್ ಡಿಕನ್ಸ್ 1870ರ ಜೂನ್‌ನಲ್ಲಿ, ಸಾಯುವ ಕೆಲವೇ ದಿನ ಮುಂಚೆ, ಈ ಕಂಪನಿಗೆ ಕಾಗದ ಬರೆದು ತರಿಸಿಕೊಂಡಿದ್ದ. ಆಮೇಲೆ ಬಂದ ಬೆಲ್ಟುಗಳಲ್ಲಿ ಗಂಡಸರ ‘ದೌರ್ಬಲ್ಯ’ವೇ ಮುಖ್ಯ ಸರಕು. ನಮ್ಮ ಬಸ್ ಸ್ಟ್ಯಾಂಡ್ ಗೋಡೆಗಳ ಮೇಲಿನ ಜಾಹೀರಾತುಗಳ ಭಾಷೆಯೇ ಅವುಗಳ ಪುಸ್ತಿಕೆಗಳಲ್ಲೂ ಇದೆ. ಅಮೆರಿಕದ ಸಿಯರ್ಸ್ ಕಂಪನಿ ಅಂಚೆಯ ಕ್ಯಾಟಲಾಗಿನಲ್ಲಿ ಹೈಡಲ್‌ಬರ್ಗ್ ಬೆಲ್ಟ್ ಎಂದು ಮಾರಿತು. ಲಂಡನ್ನಿನ ಹಾರ್ನೆಸ್ ಎಂಬವನು ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಭಾರಿ ಅಂಗಡಿ ತೆರೆದ. 1890ರ ದಶಕದಲ್ಲಿ ಕೋರ್ಟು ಕಚೇರಿಯಾಗಿ ಅವನ ಕಂಪನಿ ಮುಳುಗಿತು.

ಬೆಲ್ಟು ಕೊಳ್ಳುವಾಗ ಬಟ್ಟೆಯ ಒಳಗೆ ಬಿಲ್ಲೆಗಳಿವೆಯೇ ನೋಡಿ. ಸತು ಬೂದಿಯಂತೆ ಉದುರುತ್ತಿದ್ದರೆ ಅದು ಬಳಸಿದ ಗುರುತು. ಅಸಲಿ ಎನ್ನಲು ಒಳ್ಳೆಯ ಸಾಕ್ಷಿ, ಆದರೆ ಬಾಳಿಕೆ ಕಡಿಮೆ. ರೇಷ್ಮೆ, ಚರ್ಮ, ಉಣ್ಣೆ ಇರುವುದರಿಂದ ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯದೇ ಇರುವುದಿಲ್ಲ. ಪೆಟ್ಟಿಗೆ ಮತ್ತು ಪುಸ್ತಿಕೆ ಜೊತೆಗಿದ್ದರೆ ಮಾತ್ರ ಹಣ ಕೊಡಿ. ನಿಜ ಹೇಳಬೇಕೆಂದರೆ ಬೆಲ್ಟಿಗಿಂತ ಪುಸ್ತಿಕೆಯೇ ಓದಲು ಮಜಾ. ಬರೀ ಜಾಹೀರಾತು, ಪುಸ್ತಿಕೆ ಕೂಡಿಸುವುದು ಕಡಿಮೆ ದುಡ್ಡಿನ ಒಳ್ಳೇ ಹವ್ಯಾಸ.

ಇದೇ ಗುಂಪಿನಲ್ಲಿ ಡಾಕ್ಟರ್ ಸ್ಕಾಟ್ಸ್ ಎಲೆಕ್ಟ್ರಿಕ್ ಹೇರ್ ಬ್ರಷ್, 1880ರ ದಶಕದ್ದು. ಹೆಸರಲ್ಲಿ ಎಲೆಕ್ಟ್ರಿಕ್, ಒಳಗೆ ಕರೆಂಟೇ ಇಲ್ಲ. ಹಿಡಿಯೊಳಗೆ ಮ್ಯಾಗ್ನೆಟ್ ಮಾಡಿದ ಕಬ್ಬಿಣದ ಕಡ್ಡಿ ಅಷ್ಟೇ. ‘ಶಕ್ತಿ’ ಪರೀಕ್ಷಿಸಿಕೊಳ್ಳಲಿ ಎಂದು ಬ್ರಷ್ಷಿನ ಜೊತೆ ಒಂದು ಪುಟ್ಟ ದಿಕ್ಸೂಚಿಯನ್ನೂ ಕೊಡುತ್ತಿದ್ದರು. ಜನರನ್ನು ನಂಬಿಸಲು ಎಂಥ ಉಪಾಯ, ಅಲ್ವಾ? ಅದೇ ಉಪಾಯ ಇವತ್ತು ನಿಮಗೆ ಉಪಯೋಗಕ್ಕೆ ಬರುತ್ತದೆ. ಜೇಬಿನಲ್ಲಿ ದಿಕ್ಸೂಚಿ ಇಟ್ಟುಕೊಂಡು ಹೋಗಿ, ಬ್ರಷ್ ಹತ್ತಿರ ತಂದಾಗ ಮುಳ್ಳು ತಿರುಗುತ್ತದೆಯೇ ನೋಡಿ. ಬೆಲೆ ಕಡಿಮೆ, ಹಗುರ, ಯಾರಿಗೂ ಅಪಾಯವಿಲ್ಲ. ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರಲು ಇದಕ್ಕಿಂತ ಸುಲಭದ್ದಿಲ್ಲ.

ನೇರಳೆ ಬೆಳಕಿನ ಪೆಟ್ಟಿಗೆ

ಗಾಜಿನ ಕೊಳವೆಗಳ ಆ ಪೆಟ್ಟಿಗೆ ಇದೇ. ಇಂಗ್ಲಿಷಿನವರು ವಯಲೆಟ್ ರೇ ಅನ್ನುತ್ತಾರೆ. 1890ರ ದಶಕದಲ್ಲಿ ಟೆಸ್ಲಾ ಮತ್ತು ಪ್ಯಾರಿಸ್ಸಿನ ದಾರ್ಸನ್‌ವಾಲ್ ಅಧಿಕ ಆವರ್ತನದ ಕರೆಂಟಿನ ಕೆಲಸ ಮಾಡಿದರು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ಕರೆಂಟು ಸ್ನಾಯುವನ್ನು ಎಳೆಯುವುದಿಲ್ಲ, ಬೆಚ್ಚಗೆ ಮಾಡುತ್ತದೆ. ಅದನ್ನು ಮನೆಬಳಕೆಗೆ ಇಳಿಸಿದ್ದು ಅಮೆರಿಕದ ಕಂಪನಿಗಳು. ಡೆಟ್ರಾಯಿಟ್‌ನ ರೆನ್ಯೂಲೈಫ್ ಅವುಗಳಲ್ಲೊಂದು. 1910ರಿಂದ 1930ರ ದಶಕದವರೆಗೆ ಇವುಗಳ ಸುಗ್ಗಿ.

ಹಿಡಿಯೊಳಗೊಂದು ಕಾಯಿಲ್, ತುದಿಗೆ ಗಾಜಿನ ಕೊಳವೆ. ಕೊಳವೆಯೊಳಗೆ ಬಹಳ ತೆಳುವಾದ ಗಾಳಿ ಇರುವುದರಿಂದ ನೇರಳೆ ಬಣ್ಣ. ನಿಯಾನ್ ತುಂಬಿದ್ದಾದರೆ ಕಿತ್ತಳೆ ಕೆಂಪು. ಕೂದಲಿಗೆ ಬಾಚಣಿಗೆಯ ಆಕಾರದ್ದು, ಮುಖಕ್ಕೆ ಅಣಬೆಯ ಆಕಾರದ್ದು, ಹೀಗೆ ಅಂಗಕ್ಕೊಂದು ಕೊಳವೆ. ತಲೆಹೊಟ್ಟಿನಿಂದ ಹಿಡಿದು ಆಸ್ತಮಾವರೆಗೆ ಎಲ್ಲಕ್ಕೂ ಒಂದೇ ಮದ್ದು ಎಂದು ಪುಸ್ತಿಕೆ ಹೇಳುತ್ತದೆ. ಅಮೆರಿಕದ ಸರ್ಕಾರ ಬೆನ್ನುಹತ್ತಿ, 1950ರ ಹೊತ್ತಿಗೆ ಅಲ್ಲಿ ಈ ವ್ಯಾಪಾರ ನಿಂತಿತು. ಪೂರ್ತಿ ಸತ್ತಿಲ್ಲ ಅನ್ನಿ. ನಮ್ಮ ಬ್ಯೂಟಿ ಪಾರ್ಲರುಗಳಲ್ಲಿ ಮೊಡವೆಗೆಂದು ಮುಖದ ಮೇಲೆ ಓಡಿಸುವ ‘ಹೈ ಫ್ರೀಕ್ವೆನ್ಸಿ’ ಗಾಜಿನ ಕಡ್ಡಿ ಇದರ ಮೊಮ್ಮಗಳೇ.

ಚೆಂದದಲ್ಲಿ ಇದನ್ನು ಮೀರಿಸುವಂಥದ್ದು ಇನ್ನೊಂದಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ನೂರು ಡಾಲರಿನ ಆಸುಪಾಸಿನಲ್ಲಿ ಕೊಳವೆಗಳ ಸಮೇತ ಸಿಗುತ್ತದೆ. ಪೆಟ್ಟಿಗೆ ತೆರೆದಿಟ್ಟರೆ ಬಂದವರೆಲ್ಲ ಕೇಳುತ್ತಾರೆ. ಆದರೆ ಪ್ಲಗ್ಗಿಗೆ ಹಾಕಿ ಬೆಳಗಿಸುವ ಆಸೆ ಬಿಡಬೇಕು. ಹತ್ತಾರು ಸಾವಿರ ವೋಲ್ಟ್ ಹುಟ್ಟಿಸುವ ಕಾಯಿಲ್, ಒಣಗಿ ಬಿರುಕು ಬಿಟ್ಟ ತಂತಿ, ಅರ್ಥಿಂಗ್ ಇಲ್ಲ. ಮೇಲಾಗಿ ಅದು ಅಮೆರಿಕದ 110 ವೋಲ್ಟಿಗೆ ಮಾಡಿದ್ದು. ಬೆಂಗಳೂರಿನ 230 ವೋಲ್ಟಿಗೆ ಸಿಕ್ಕಿಸಿದರೆ ಹೊಗೆಯ ಜೊತೆ ಬೆಂಕಿಯೂ ಬರಬಹುದು. ಕೊಂಡ ದಿನವೇ ಪ್ಲಗ್ ಕತ್ತರಿಸಿಬಿಡಿ ಎನ್ನುವವನು ನಾನು. ಬೆಲೆ ಕಡಿಮೆಯಾಗುತ್ತದೆ ಎಂದು ಸಂಗ್ರಹಕಾರರು ಬೈಯುತ್ತಾರೆ, ಬೈಯಲಿ. ಮಕ್ಕಳಿಲ್ಲದ ಮನೆಯಾದರೆ ಬೀಗ ಹಾಕಿಟ್ಟರೂ ಆದೀತು.

ಇದರ ಪಕ್ಕದಲ್ಲೇ ಇಡಬಹುದಾದ್ದು ಎಲೆಕ್ಟ್ರೀಟ್. ಟಾರ್ಚಿನಂತೆ ಸೆಲ್ ಹಾಕಿ, ತುದಿಯ ಉರುಳೆಯನ್ನು ಮೈಮೇಲೆ ಉರುಳಿಸುವ ಸಾಧನ. ಇಲಿನಾಯ್ಸ್‌ನ ಪಿಯೋರಿಯಾದಲ್ಲಿ ತಯಾರಾಗುತ್ತಿತ್ತು, ಪೇಟೆಂಟ್ 1919ರದು. ಇವತ್ತಿನ ಟೆನ್ಸ್ ಯಂತ್ರದ ಪೂರ್ವಜ ಎಂದು ಇದನ್ನು ತೋರಿಸುವುದುಂಟು. ಕರೆಂಟು ನೋವನ್ನು ಹೇಗೆ ತಗ್ಗಿಸಬಹುದು ಎಂಬುದಕ್ಕೆ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಒಂದು ವಿವರಣೆ ಕೊಟ್ಟದ್ದು 1965ರಲ್ಲಿ. ಅಂದರೆ ಯಂತ್ರ ಮೊದಲು ಬಂತು, ಕಾರಣ ಆಮೇಲೆ ಬಂತು.

‘ಹುಚ್ಚಾಸ್ಪತ್ರೆಯ ಶಾಕ್ ಮಷೀನ್’ ಎಂಬ ಚೀಟಿ

ಮಾರುವವರು ಮೇಲಿನ ಯಾವ ಪೆಟ್ಟಿಗೆಗೂ ಈ ಚೀಟಿ ಅಂಟಿಸುತ್ತಾರೆ. ಭಯಕ್ಕೂ ಬೆಲೆ ಇದೆ ನೋಡಿ. ಮೆದುಳಿಗೆ ಶಾಕ್ ಕೊಡುವ ಚಿಕಿತ್ಸೆ (ಇಸಿಟಿ) ಶುರುವಾದದ್ದು 1938ರಲ್ಲಿ, ರೋಮ್‌ನಲ್ಲಿ, ಚೆರ್ಲೆಟ್ಟಿ ಮತ್ತು ಬಿನಿ ಅವರಿಂದ. 1854ರ ಮ್ಯಾಗ್ನೆಟೋಗೂ ಅದಕ್ಕೂ ಸಂಬಂಧವೇ ಇಲ್ಲ. ನಿಜವಾದ ಇಸಿಟಿ ಯಂತ್ರ ಸಿಕ್ಕರೂ ಮನೆಗೆ ತರಬೇಡಿ ಎಂದೇ ನನ್ನ ಮಾತು. ಆ ಚಿಕಿತ್ಸೆ ಇವತ್ತಿಗೂ ಅರಿವಳಿಕೆ ಕೊಟ್ಟು, ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಜನರಿಗೆ ಉಪಯೋಗವೂ ಆಗುತ್ತಿದೆ. ಅದನ್ನು ಡ್ರಾಯಿಂಗ್ ರೂಮಿನ ಬೆದರುಗೊಂಬೆ ಮಾಡುವುದು ಸರಿಯಲ್ಲ.

ಹಾಗಾದರೆ ಯಾರಿಗೆ ಯಾವುದು

ಶಾಲೆಗೆ, ಕಡಿಮೆ ದುಡ್ಡಿನಲ್ಲಿ, ನಡೆಯುವಂಥದ್ದು ಬೇಕಾದರೆ ಅಂಬಾಲದ ಹೊಸ ವಿಮ್ಸ್‌ಹರ್ಸ್ಟ್. ಕರಾವಳಿಯ ಶಾಲೆಯಾದರೆ ಅದರ ಬದಲು ಮ್ಯಾಗ್ನೆಟೋ. ತೇವ ಇದ್ದರೂ ಅದು ನಡೆಯುತ್ತದೆ, ವಿದೇಶದಲ್ಲಿರುವ ಹಳೇ ವಿದ್ಯಾರ್ಥಿ ಯಾರಾದರೂ ತಂದುಕೊಡಬಹುದು.

ಫಿಸಿಯೋಥೆರಪಿಸ್ಟ್, ನರರೋಗ ವೈದ್ಯರಿಗೆ ಜಾರುವ ಸುರುಳಿಯ ಇಂಡಕ್ಷನ್ ಕಾಯಿಲ್. ಬೆಲೆ ಹೆಚ್ಚಾದರೂ ತಮ್ಮ ಕಸುಬಿನ ನಿಜವಾದ ಅಜ್ಜ ಅದೇ. ಅಷ್ಟು ಖರ್ಚು ಬೇಡ ಎಂದರೆ ಎಲೆಕ್ಟ್ರೀಟ್.

ಮನೆಯಲ್ಲಿ ಚೆಂದಕ್ಕೆ ಮಾತ್ರ ಬೇಕು, ನಡೆಸುವ ಹಟ ಇಲ್ಲ ಎನ್ನುವವರಿಗೆ ನೇರಳೆ ಬೆಳಕಿನ ಪೆಟ್ಟಿಗೆ. ಚಿಕ್ಕ ಮಕ್ಕಳಿದ್ದರೆ ಬ್ರಷ್. ಬರೆಯುವವರಿಗೆ, ಇತಿಹಾಸ ಓದುವವರಿಗೆ ಬೆಲ್ಟಿನ ಪುಸ್ತಿಕೆಗಳು. ಒಂದನ್ನೇ ಕೊಳ್ಳುತ್ತೇನೆ, ಅದು ಮುಂದೆ ಮಾರಿದರೂ ನಷ್ಟವಾಗಬಾರದು ಎನ್ನುವವರಿಗೆ ಲೇಬಲ್ ಚೆನ್ನಾಗಿ ಉಳಿದಿರುವ ಡೇವಿಸ್ ಅಂಡ್ ಕಿಡ್ಡರ್.

ಅಮೆರಿಕದಲ್ಲಿ ಇರುವವರು ಕೊಳ್ಳುವ ಮುಂಚೆ ಸಾಧ್ಯವಾದರೆ ಮಿನಿಯಾಪೊಲಿಸ್ಸಿನ ಬಾಕ್ಕೆನ್ ಮ್ಯೂಸಿಯಂ ನೋಡಿ ಬನ್ನಿ. 1957ರಲ್ಲಿ ಮೈಮೇಲೆ ಧರಿಸಬಹುದಾದ ಬ್ಯಾಟರಿಯ ಪೇಸ್‌ಮೇಕರ್ ಮಾಡಿದ ಅರ್ಲ್ ಬಾಕ್ಕೆನ್ ಕಟ್ಟಿದ ಸಂಗ್ರಹ ಅದು. ಅಸಲಿಯನ್ನು ಒಮ್ಮೆ ಕಣ್ಣಾರೆ ಕಂಡರೆ ಸಂತೆಯಲ್ಲಿ ನಕಲಿ ಹಿಡಿಯುವುದು ಸುಲಭ.

ದುಡ್ಡು ಕೊಡುವ ಮುಂಚೆ, ಊರಿಗೆ ತರುವ ಮುಂಚೆ

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮುಚ್ಚಳದ ಒಳಭಾಗ, ಪೆಟ್ಟಿಗೆಯ ತಳ, ತಂತಿಯ ತುದಿಗಳ ಫೋಟೋ ಕೇಳಿ. ‘ನಡೆಯುತ್ತದೆ’ ಎಂದು ಹೇಳಿದರೆ ವಿಡಿಯೋ ಕೇಳಿ. ಮರದಲ್ಲಿ ಸಣ್ಣ ತೂತುಗಳಿದ್ದರೆ ಹುಳು ಇರಬಹುದು. ಅದನ್ನು ಉಳಿದ ಸಾಮಾನಿನ ಪಕ್ಕ ಇಡಬೇಡಿ.

ಪಾದರಸ ಇರುವುದನ್ನು, ಸೋರುವ ಬ್ಯಾಟರಿ ಇರುವುದನ್ನು ವಿಮಾನದಲ್ಲಿ ತರಲು ಆಗುವುದಿಲ್ಲ. ದೊಡ್ಡ ಮ್ಯಾಗ್ನೆಟ್ಟನ್ನು ಕಾರ್ಗೋದಲ್ಲಿ ಕಳಿಸುವುದಾದರೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಮ್ಯಾಗ್ನೆಟ್ಟಿನ ಎರಡು ತುದಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಕೂರಿಸಿ ಪ್ಯಾಕ್ ಮಾಡಿದರೆ ಅದರ ಶಕ್ತಿಯೂ ಉಳಿಯುತ್ತದೆ.

ಇನ್ನು ಊರಿನ ಅಟ್ಟದ ಮೇಲೆ ತಾತನ ಕಾಲದ ಇಂಥ ಪೆಟ್ಟಿಗೆ ಸಿಕ್ಕಿ, ಅದನ್ನು ವಿದೇಶಕ್ಕೆ ಒಯ್ಯುವ ಯೋಚನೆ ಇದ್ದರೆ ಕಾನೂನು ನೋಡಿಕೊಳ್ಳಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ವಿಜ್ಞಾನದ ಇತಿಹಾಸ ತೋರಿಸುವ ವಸ್ತುವೂ ಪುರಾವಸ್ತು ಎನಿಸಬಹುದು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಷ್ಟು ಹಳೆಯದಲ್ಲ ಎಂಬ ಅನುಮಾನವಿದ್ದರೆ ಪುರಾತತ್ವ ಇಲಾಖೆಯಿಂದ ‘ಪುರಾವಸ್ತು ಅಲ್ಲ’ ಎಂಬ ಪ್ರಮಾಣಪತ್ರ ಪಡೆದುಕೊಂಡೇ ಟಿಕೆಟ್ ಮಾಡಿಸಿ.